ಅಡುಗೆಮನೆ ಮೂಲೆಯ ಸ್ಪೀಕರು

ಐದು ಸ್ಪೀಕರಿದ್ದಾಗ ಮನೆ ಮನೆಯ ಹಾಗೆಯೇ ಇತ್ತು. ಏಳಾದಾಗ ಸೋಫಾ ಗೋಡೆ ಬಿಟ್ಟು ನಡುಮನೆಯ ಮಧ್ಯಕ್ಕೆ ಬಂತು. ಒಂಬತ್ತಾದಾಗ ಸುನಂದಮ್ಮನವರ ಹೊಲಿಗೆ ಯಂತ್ರ ಹಿತ್ತಲಿಗೆ ಹೋಯಿತು. ಇನ್ನು ಹನ್ನೊಂದು ಎಂದು ಗಂಡ ಬಾಯಿ ತೆರೆದ ದಿನ ಆಕೆ ಸೌಟು ಹಿಡಿದೇ ಹೊರಗೆ ಬಂದರು.

"ಅಲ್ಲಾ ರೀ, ನಿಮಗಿರೋ ಕಿವಿ ಎರಡು. ಅದ್ರಲ್ಲೊಂದು ನಾನು ಹೇಳಿದ್ದು ಕೇಳಿಸ್ಕೊಳ್ಳೋದೇ ಇಲ್ಲ. ಹನ್ನೊಂದು ಸ್ಪೀಕರು ಯಾರ ಕಿವಿಗೆ?"

ಪ್ರಶ್ನೆಯಲ್ಲಿ ತಪ್ಪೇನಿರಲಿಲ್ಲ. ಆದರೆ ಧರಣೇಂದ್ರಯ್ಯನವರಿಗೆ ತಮ್ಮ ಕಿವಿಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ಮೂವತ್ತೆರಡು ವರ್ಷ ಮೈಸೂರಿನ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು ಅವರು. ಪ್ರೊಜೆಕ್ಟರಿನ ಗಡಗಡದ ನಡುವೆ ಕೂತೇ, ಬಾಲ್ಕನಿಯ ಎಡಗಡೆ ಸ್ಪೀಕರಿನ ಕಾಗದ ಹರಿದಿದೆ ಎಂದು ಹೇಳುತ್ತಿದ್ದರು. ಹೋಗಿ ನೋಡಿದರೆ ಹರಿದೇ ಇರುತ್ತಿತ್ತು. ಟಾಕೀಸು ಮುಚ್ಚಿ ಮದುವೆಮಂಟಪವಾದ ಮೇಲೆ ಆ ಕಿವಿಗೆ ಕೆಲಸವಿರಲಿಲ್ಲ. ಅರವತ್ತೆಂಟರ ವಯಸ್ಸಿನಲ್ಲಿ ಮತ್ತೆ ಕೆಲಸ ಸಿಕ್ಕಿದ್ದು ಊರಾಚೆಯ ಕೈಗಾರಿಕಾ ಬಡಾವಣೆಯಲ್ಲಿದ್ದ 'ಶ್ರುತಿಲೋಕ' ಎಂಬ ಪ್ರಯೋಗಾಲಯದಲ್ಲಿ. ಅಲ್ಲಿ ಮಾಡುತ್ತಿದ್ದ ಹೊಸ ಪೆಟ್ಟಿಗೆಯನ್ನು ಮನೆಯಲ್ಲಿಟ್ಟುಕೊಂಡು ಕೇಳಿ, ಚೆನ್ನಾಗಿದೆಯೋ ಇಲ್ಲವೋ ಹೇಳುವುದು ಅವರ ಕೆಲಸ.

ಪೆಟ್ಟಿಗೆಯ ಹೆಸರು ಅನುರಣ. ಅದು ಮಾಡುವುದೇನು ಎಂದು ಮೊದಲ ದಿನ ಅವರಿಗೆ ತಿಳಿಸಿಕೊಟ್ಟವಳು ಅಲ್ಲಿನ ಇಂಜಿನಿಯರ್ ನಫೀಸಾ. ಮಂಡಿ ಮೊಹಲ್ಲಾದಲ್ಲಿ ಹುಟ್ಟಿ ಬೆಳೆದ ಹುಡುಗಿ, ಮಾತು ಅರಳು ಹುರಿದ ಹಾಗೆ.

"ಅಂಕಲ್, ಖಾಲಿ ಮನೆಯಲ್ಲಿ ಚಪ್ಪಾಳೆ ತಟ್ಟಿದ್ರೆ ಸದ್ದು ಗೋಡೆಗೆ ಬಡಿದು ವಾಪಸ್ ಬರತ್ತಲ್ವಾ? ಹತ್ತಿರದ ಗೋಡೆಯಿಂದ ಬೇಗ, ದೂರದ ಗೋಡೆಯಿಂದ ಸ್ವಲ್ಪ ತಡವಾಗಿ. ಹಳೇ ಟೇಪಲ್ಲಿ ಮೈಕು ಒಂದೇ ಇದ್ರೂ ಆ ವಾಪಸ್ ಬಂದ ಸದ್ದೆಲ್ಲಾ ಅದ್ರೊಳಗೇ ಕೂತಿರತ್ತೆ. ಈ ಪೆಟ್ಟಿಗೆ ಅದನ್ನೆಲ್ಲ ಬಿಡಿಸಿ, ಯಾವ ಸದ್ದು ಯಾವ ಮೂಲೇಲಿ ಹುಟ್ಟಿತ್ತೋ ಆ ಮೂಲೇಗೆ ಕಳಿಸತ್ತೆ. ಸ್ಪೀಕರ್ ಜಾಸ್ತಿಯಾದಷ್ಟೂ ಮೂಲೆ ಜಾಸ್ತಿ."

"ಅಂದ್ರೆ ಟೇಪು ಮಾಡಿದ ಕೋಣೆಯಲ್ಲೇ ಕೂತ ಹಾಗೆ ಕೇಳಿಸತ್ತೆ ಅನ್ನು."

"ಅದೇ ಕೋಣೆ ಈಗ್ಲೂ ಇದ್ರೆ ಇನ್ನೂ ಒಳ್ಳೇದು. ಪೆಟ್ಟಿಗೆ ಮೊದಲು ಕೋಣೆಯ ಅಳತೆ ತಗೊಳತ್ತೆ."

ಧರಣೇಂದ್ರಯ್ಯ ಪೆಟ್ಟಿಗೆಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದರು. ಅವರ ಬಳಿ ಅಂಥ ಒಂದು ಟೇಪು ಇತ್ತು. ಅಂಥ ಕೋಣೆಯೂ ಇತ್ತು.

ನಲವತ್ತು ವರ್ಷದ ಹಿಂದಿನ ಕ್ಯಾಸೆಟ್ಟು ಅದು. ಅವರ ತಾಯಿ ಚಂದ್ರಮತಮ್ಮ ಜ್ವರದಲ್ಲಿ ಇದೇ ನಡುಮನೆಯ ಮಂಚದ ಮೇಲೆ ಮಲಗಿದ್ದರು. ಸಂಜೆ ಸ್ವಲ್ಪ ಗೆಲುವಾಗಿ ಜಿನಸ್ತುತಿ ಹಾಡಿದರು. ಮಗ ಟೇಪ್ ರೆಕಾರ್ಡರ್ ಹಾಕಿದ್ದರು. ಹಾಡು ಮುಗಿಯುತ್ತದೆ, ಗೋಡೆ ಗಡಿಯಾರ ಎಂಟು ಹೊಡೆಯುತ್ತದೆ, ಫ್ಯಾನಿನ ಗರಗರ ಕೇಳುತ್ತದೆ. ಆಮೇಲೆ ತಾಯಿ, "ಜಯನಿಗೆ ತಿಳಿಸಿದ್ಯೇನಪ್ಪಾ?" ಎಂದು ಕೇಳುತ್ತಾರೆ. "ತಿಳಿಸಿದೀನಮ್ಮ, ಬರ್ತಾನೆ" ಎಂದು ಧರಣೇಂದ್ರಯ್ಯ ಹೇಳುತ್ತಾರೆ. ಅಷ್ಟಕ್ಕೆ ಟೇಪು ಮುಗಿಯುತ್ತದೆ. ಬೆಳಗಿನ ಜಾವ ತಾಯಿಯೂ ಹೋದರು.

ಜಯ ಎಂದರೆ ತಮ್ಮ ಜಯಕೀರ್ತಿ. ಆಗ ಹಾಸನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಆ ಕೆಲಸಕ್ಕೆ ಊರು ಬಿಟ್ಟು ಹೋಗುವುದು ಬೇಡವೆಂದು ತಾಯಿ ಹಟ ಹಿಡಿದಿದ್ದರಿಂದ ಮುನಿಸಿಕೊಂಡು ಮೂರು ತಿಂಗಳು ಮನೆಗೆ ಬಂದಿರಲಿಲ್ಲ. ಆ ದಿನ ಸಂಜೆ ಧರಣೇಂದ್ರಯ್ಯ ಪೋಸ್ಟಾಫೀಸಿಗೆ ಹೋಗಿ ಟ್ರಂಕ್ ಕಾಲ್ ಮಾಡಿ ತಿಳಿಸಿ ಬಂದಿದ್ದರು. ಆದರೂ ತಮ್ಮ ಬಂದದ್ದು ಮಾರನೆಯ ಮಧ್ಯಾಹ್ನ, ಎಲ್ಲ ಮುಗಿದ ಮೇಲೆ. ಹನ್ನೊಂದನೆಯ ದಿನ ಬಂಧುಬಳಗದ ಎದುರು ಧರಣೇಂದ್ರಯ್ಯ ಹೇಳಿಯೇ ಬಿಟ್ಟಿದ್ದರು, "ನಾನು ಹಿಂದಿನ ಸಂಜೇನೇ ತಿಳಿಸಿದ್ದೆ. ಅವನು ಬರ್ಲಿಲ್ಲ." ಜಯಕೀರ್ತಿ ತಲೆ ತಗ್ಗಿಸಿ ಕೂತಿದ್ದ, ಒಂದು ಮಾತೂ ಆಡಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಜಗಳವೂ ಇಲ್ಲ, ಬಳಕೆಯೂ ಇಲ್ಲ.

ಒಂದೇ ಒಂದು ಬಳಕೆ ಉಳಿದಿತ್ತು. ಜೈನರ ಮನೆಗಳಲ್ಲಿ ವರ್ಷಕ್ಕೊಂದು ದಿನ, ಕ್ಷಮಾವಣಿಯಂದು, ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಪದ್ಧತಿ. ಚಿಕ್ಕವರು ದೊಡ್ಡವರನ್ನು ಕೇಳುತ್ತಾರೆ, ದೊಡ್ಡವರೂ ಚಿಕ್ಕವರನ್ನು ಕೇಳುತ್ತಾರೆ. ಜಯಕೀರ್ತಿ ಪ್ರತಿ ವರ್ಷ ತಪ್ಪದೆ ಫೋನು ಮಾಡುತ್ತಿದ್ದ. "ನನ್ನಿಂದೇನಾದ್ರೂ ತಪ್ಪಾಗಿದ್ರೆ ಕ್ಷಮಿಸಣ್ಣ." ಧರಣೇಂದ್ರಯ್ಯ, "ಆಯ್ತು ಬಿಡು, ಕ್ಷಮಿಸಿದೀನಿ" ಎಂದು ಫೋನಿಡುತ್ತಿದ್ದರು. ನೋಡಿದೆಯಾ, ತಪ್ಪು ಒಪ್ಪಿಕೊಳ್ಳುತ್ತಾನೆ ಎಂದು ಹೆಂಡತಿಯ ಕಡೆ ತಿರುಗಿ ಹೇಳುತ್ತಿದ್ದರು. ಸುನಂದಮ್ಮ ಯಾವುದೋ ಕೆಲಸ ನೆನಪಾದವರಂತೆ ಎದ್ದು ಒಳಗೆ ಹೋಗುತ್ತಿದ್ದರು.

ಕಳೆದ ವರ್ಷ ಜಯಕೀರ್ತಿಯ ಹೆಂಡತಿ ತೀರಿಕೊಂಡಳು. ಮಕ್ಕಳಿಲ್ಲ. ಆಗ ಸುನಂದಮ್ಮ ಎಂದೂ ಇಲ್ಲದ ಹಟ ಹಿಡಿದರು. "ಮೈದುನ ಇಲ್ಲೇ ಬಂದಿರ್ಲಿ. ಮೇಲಿನ ರೂಮು ಖಾಲಿ ಬಿದ್ದಿದೆ. ಇದೊಂದು ಮಾತು ನಡೆಸಿಕೊಡಿ." ಧರಣೇಂದ್ರಯ್ಯ ಆರು ತಿಂಗಳು ಎಳೆದಾಡಿ ಒಪ್ಪಿದರು. ಫಾಲ್ಗುಣದಲ್ಲಿ ಜಯಕೀರ್ತಿ ರೂಮು ನೋಡಿಕೊಂಡು ಹೋಗಲು ಬಂದ. ಅಂದೇ ಪೆಟ್ಟಿಗೆ ನಡುಮನೆಯ ಅಳತೆ ತೆಗೆಯುತ್ತಿತ್ತು. ಮೈಕು ಮಧ್ಯದಲ್ಲಿ ನಿಂತಿತ್ತು, ಮನೆಯಲ್ಲಿ ಪಿಟ್ಟೆನ್ನುವ ಹಾಗಿರಲಿಲ್ಲ. ಸರಿಯಾಗಿ ಆ ಹೊತ್ತಿಗೇ ಈತ ಬಾಗಿಲಲ್ಲಿ ನಿಂತು, ತನ್ನ ಹಳೆಯ ಅಭ್ಯಾಸದಂತೆ ಎರಡು ಸಲ ಗಂಟಲು ಸರಿಮಾಡಿ ಒಂದು ಸಲ ಕೆಮ್ಮಿದ. ಬೆಲ್ಲೊತ್ತುವ ಬದಲು ಅವನದು ಯಾವಾಗಲೂ ಅದೇ. "ಬರೋಕೆ ಬೇರೆ ಹೊತ್ತು ಸಿಗ್ಲಿಲ್ವೇನೋ" ಎಂದು ಅಣ್ಣ ಗೊಣಗಿದರು. ಚೈತ್ರ ಕಳೆದು ಎರಡನೆಯ ಭಾನುವಾರ ಸಾಮಾನು ಸಮೇತ ಬರುವುದೆಂದು ಮಾತಾಯಿತು.

ಆ ಭಾನುವಾರಕ್ಕೆ ಹದಿನೆಂಟು ದಿನವಿರುವಾಗ ಹನ್ನೊಂದರ ಮಾತು ಎದ್ದದ್ದು.

"ಹತ್ತನೇದು ತಲೆಬಾಗಿಲ ಮೇಲೆ, ಹನ್ನೊಂದನೇದು ಅಡುಗೆಮನೆ ಮೂಲೆಗೆ" ಎಂದು ಧರಣೇಂದ್ರಯ್ಯ ಗೋಡೆಗೆ ಗುರುತು ಹಾಕಿದರು.

ಸುನಂದಮ್ಮ ಒಮ್ಮೆಲೇ ತಣ್ಣಗಾದರು. "ಬಾಗಿಲ ಹತ್ರ ಬೇಕಾದ್ರೆ ಹಾಕ್ಕೊಳ್ಳಿ. ಅಡುಗೆಮನೆ ಮೂಲೆಗೆ ಬೇಡ."

"ಯಾಕೆ?"

"ಬೇಡ ಅಂದ್ರೆ ಬೇಡ. ಒಗ್ಗರಣೆ ಹೊಗೆ ಬಡಿಯತ್ತೆ."

"ಚಿಮಣಿ ಇದೆಯಲ್ಲ."

"ಹಲ್ಲಿ ಗೂಡು ಕಟ್ಟತ್ತೆ."

ಮೊದಲು ಹೊಗೆ, ಆಮೇಲೆ ಹಲ್ಲಿ. ನಲವತ್ತೊಂದು ವರ್ಷ ಸಂಸಾರ ಮಾಡಿದವರಿಗೆ ಗೊತ್ತಾಗುವುದಿಲ್ಲವೇ? ಒಂದು ಮಾತಿಗೆ ಎರಡು ಕಾರಣ ಕೊಟ್ಟರೆ ಮೂರನೆಯದೊಂದು ಒಳಗಿದೆ ಎಂದೇ ಅರ್ಥ. ಧರಣೇಂದ್ರಯ್ಯನವರ ಎದೆಯಲ್ಲಿ ಸಣ್ಣದೊಂದು ಮುಳ್ಳು ನಾಟಿತು. ಅವರು ಆಕೆ ಬಸದಿಗೆ ಹೋದ ಹೊತ್ತಿನಲ್ಲಿ ಏಣಿ ಹತ್ತಿ ಹನ್ನೊಂದನೆಯದನ್ನು ಅಡುಗೆಮನೆ ಮೂಲೆಗೇ ಬಿಗಿದರು.

ಅಂದು ಸಂಜೆ ಕ್ಯಾಸೆಟ್ಟು ಹಾಕಿದಾಗ ಆದದ್ದನ್ನು ಹೇಳಬೇಕು. ತಾಯಿಯ ದನಿ ಮಂಚವಿದ್ದ ಜಾಗದಿಂದಲೇ ಬಂತು. ಗಡಿಯಾರ ಈಗ ಖಾಲಿಯಾಗಿರುವ ಆ ಮೊಳೆಯಿಂದಲೇ ಎಂಟು ಹೊಡೆಯಿತು. ಅಡುಗೆಮನೆಯ ಮೂಲೆಯಿಂದ ಸ್ಟೀಲ್ ತಟ್ಟೆಗಳ ಸದ್ದು, ಬಡಿಸುವ ಸೌಟಿನ ಸದ್ದು. "ಆಹಾ!" ಎಂದರು ಧರಣೇಂದ್ರಯ್ಯ. ಮನೆ ಮನೆಯೇ ಎದ್ದು ಬಂದಿತ್ತು. ಕಣ್ಣಲ್ಲಿ ನೀರು ತುಂಬಿತು. ತಟ್ಟೆಯ ಸದ್ದು ಇನ್ನೂ ನಡೆಯುತ್ತಿರುವಾಗಲೇ ತಲೆಬಾಗಿಲ ಮೇಲಿನ ಸ್ಪೀಕರಿನಿಂದ ಚಪ್ಪಲಿಯ ಹೆಜ್ಜೆಗಳು ಮೆಟ್ಟಿಲು ಹತ್ತಿದವು. ನಿಂತವು. ಯಾರೋ ಎರಡು ಸಲ ಗಂಟಲು ಸರಿಮಾಡಿ ಒಂದು ಸಲ ಕೆಮ್ಮಿದರು.

"ಜಯನಿಗೆ ತಿಳಿಸಿದ್ಯೇನಪ್ಪಾ?" ಎಂದರು ತಾಯಿ.

ಧರಣೇಂದ್ರಯ್ಯ ತಿರುಗಿಸಿ ಹಾಕಿದರು. ಮತ್ತೆ ಹಾಕಿದರು. ಪ್ರತಿ ಸಲವೂ ಅದೇ ಹೆಜ್ಜೆ, ಅದೇ ಕೆಮ್ಮು. ಪೆಟ್ಟಿಗೆಯ ಮೇಲಿನ ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು.

ಅಂದರೆ ಬಂದಿದ್ದ! ಆ ಸಂಜೆಯೇ ಬಂದಿದ್ದ. ಬಾಗಿಲವರೆಗೆ ಬಂದು, ಹೆತ್ತ ತಾಯಿ ತನ್ನ ಹೆಸರು ಹಿಡಿದು ಕೇಳುವುದನ್ನು ಕಿವಿಯಾರೆ ಕೇಳಿ, ಒಳಗೆ ಕಾಲಿಡದೆ ಹಿಂದಿರುಗಿದ್ದ. ಮಾರನೆಯ ದಿನ ಏನೂ ತಿಳಿಯದವನಂತೆ ಬಸ್ಸಿಳಿದು ಬಂದು ಅತ್ತಿದ್ದ. ಇಷ್ಟು ವರ್ಷ ತಡವಾಗಿ ಬಂದ ಎಂದಷ್ಟೇ ಸಿಟ್ಟಿತ್ತು. ಇದು ಸಿಟ್ಟಿಗೆ ಮುಗಿಯುವ ಮಾತಾಗಿರಲಿಲ್ಲ.

ಸುನಂದಮ್ಮನಿಗೆ ಗೊತ್ತಿತ್ತೇ? ಆಗ ಆಕೆ ಹೊಸ ಸೊಸೆ, ಅಡುಗೆಮನೆಯಲ್ಲಿದ್ದವಳು. ಕಿಟಕಿಯಿಂದ ಬಾಗಿಲು ಕಾಣುತ್ತದೆ. ಮೈದುನನನ್ನು ನೋಡಿ ಸುಮ್ಮನಿದ್ದಳೇ? ಅದಕ್ಕೇ ಆ ಮೂಲೆ ಬೇಡವೆಂದಳೇ? ಒಂದು ಅನುಮಾನಕ್ಕೆ ಬಾಗಿಲು ತೆರೆದರೆ ಅದರ ಸಂಸಾರವೆಲ್ಲ ಹಿಂದೆಯೇ ಬರುತ್ತದೆ. ಧರಣೇಂದ್ರಯ್ಯ ಹೆಂಡತಿಗೆ ಏನೂ ಹೇಳಲಿಲ್ಲ. ಆದರೆ ಊಟಕ್ಕೆ ಕೂತಾಗ ಆಕೆಯ ಮುಖವನ್ನೇ ನೋಡುತ್ತಿದ್ದರು. "ಏನ್ರೀ, ಸಾರಿಗೆ ಉಪ್ಪಿಲ್ವಾ?" ಎಂದು ಆಕೆ ಕೇಳಿದರೆ, "ಎಲ್ಲಾ ಸರಿಯಾಗೇ ಇದೆ" ಎನ್ನುತ್ತಿದ್ದರು.

ಮಾರನೆಯ ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋದರು. ಅಲ್ಲೊಂದು ಕೋಣೆಯಿದೆ. ನೆಲ, ಗೋಡೆ, ಚಾವಣಿ ಎಲ್ಲಕ್ಕೂ ಸದ್ದು ಹೀರುವ ಬೂದು ಬಣ್ಣದ ಸ್ಪಂಜು. ಅದರೊಳಗೆ ನಿಂತರೆ ಸ್ವಂತ ರಕ್ತ ಓಡುವ ಸದ್ದು ಕಿವಿಯಲ್ಲಿ ಕೇಳುತ್ತದೆ. ಅಲ್ಲಿ ನಿಂತೇ ನಫೀಸಾ ಅವರ ಮಾತು ಕೇಳಿದಳು.

"ಹದಿಮೂರು ಬೇಕಾ ಅಂಕಲ್? ನಾವಿನ್ನೂ ಹದಿಮೂರನ್ನ ಹೊರಗೆ ಕೊಟ್ಟಿಲ್ಲ. ಮನೆಯ ಅನುಭವ ಪೂರ್ತಿಯಾಗ್ಲಿ ಅಂತ ಅದ್ರಲ್ಲಿ ಒಂದಷ್ಟು..."

"ಗೇಟಿನ ಕಡೆ ಕಿಟಕಿಗೆ ಎರಡು ಬೇಕು ಕಣಮ್ಮ. ಒಬ್ಬ ಮನುಷ್ಯ ಬಾಗಿಲಿಗೆ ಬಂದ. ಅವನು ಹೋದದ್ದು ಯಾವ ಕಡೆ ಅಂತ ನಂಗೆ ಗೊತ್ತಾಗ್ಬೇಕು."

ಅವಳು ಇನ್ನೇನೋ ಹೇಳಲು ಹೋದಳು. ಅವರು ಆಗಲೇ ರಶೀದಿಗೆ ಸಹಿ ಮಾಡುತ್ತಿದ್ದರು.

ಹದಿಮೂರಾದ ದಿನ ಹೆಜ್ಜೆ ಇನ್ನೂ ಸ್ಪಷ್ಟವಾಯಿತು. ಮೆಟ್ಟಿಲು ಹತ್ತಿತು, ಕೆಮ್ಮಿತು, ತಾಯಿಯ ಪ್ರಶ್ನೆ ಮುಗಿದ ಮೇಲೆ ಮೆಟ್ಟಿಲಿಳಿದು ಗೇಟಿನ ಕಡೆ ಹೋಯಿತು. ಗೇಟು ಕಿರ್ರೆಂದಿತು. ಧರಣೇಂದ್ರಯ್ಯ ಅದನ್ನು ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ. ವಿಚಿತ್ರವೆಂದರೆ, ಕೇಳಿದಷ್ಟೂ ಅದು ತಿಳಿಯಾಗುತ್ತಾ ಹೋಯಿತು. ಮೂರನೆಯ ದಿನದ ಹೊತ್ತಿಗೆ ಗೇಟಿನಾಚೆ ಒಂದು ನಿಟ್ಟುಸಿರೂ ಕೇಳತೊಡಗಿತು. ನಡುಮನೆಯಲ್ಲಿ ಕೂತವರ ಬೆನ್ನಿಗೆ ಯಾರೋ ನಿಂತಂತಾಗಿ ಅವರು ಎರಡು ಸಲ ತಿರುಗಿ ನೋಡಿದರು.

ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು. ಸುನಂದಮ್ಮ ಮೇಲಿನ ರೂಮಿಗೆ ಸುಣ್ಣ ಹೊಡೆಸಿ, ಮಂಚಕ್ಕೆ ಹೊಸ ಹೊದಿಕೆ ಹಾಸಿ ಇಳಿದು ಬರುವಾಗ ಗಂಡ ಸ್ಪೀಕರಿನ ಖಾಲಿ ಡಬ್ಬಗಳನ್ನೆಲ್ಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು.

"ಅವನ್ನೆಲ್ಲಾ ಯಾಕೆ ಮೇಲೆ ತಗೊಂಡೋಗ್ತಿದೀರಿ?"

"ರೂಮಲ್ಲಿಡೋಕೆ. ಅವನು ಬರೋದು ಬೇಡ. ಇವತ್ತೇ ಫೋನ್ ಮಾಡಿ ಹೇಳ್ತೀನಿ."

ಸುನಂದಮ್ಮ ಮೆಟ್ಟಿಲ ಮೇಲೇ ಕೂತುಬಿಟ್ಟರು. "ಏನಾಯ್ತು ಹೇಳಿ ಮೊದ್ಲು."

"ನೀನು ಹೇಳು ಏನಾಯ್ತು ಅಂತ. ನಿಂಗೆ ಗೊತ್ತಿಲ್ವಾ? ಆ ಸಂಜೆ ಅವನು ಬಾಗಿಲಿಗೆ ಬಂದು ಹಿಂದಕ್ಕೆ ಹೋದ. ನೀನು ಅಡುಗೆಮನೆ ಕಿಟಕೀಲಿ ನೋಡಿದ್ದೆ."

"ಅಯ್ಯೋ ನಿಮ್ಮ! ಯಾರು ಹೇಳಿದ್ದು?"

"ಟೇಪು ಹೇಳ್ತು. ಬಾ, ಕೇಳು."

ನಾಲ್ಕು ವಾರದಲ್ಲಿ ಮೊದಲ ಬಾರಿಗೆ ಸುನಂದಮ್ಮ ಆ ಸೋಫಾದ ಮೇಲೆ ಕೂತರು. ಅತ್ತೆಯ ದನಿ ಕೇಳುತ್ತಲೇ ಸೆರಗು ಕಣ್ಣಿಗೆ ಹೋಯಿತು. ಗಡಿಯಾರ ಎಂಟು ಹೊಡೆಯಿತು. ತಟ್ಟೆ ಸದ್ದಾಯಿತು. ಹೆಜ್ಜೆ, ಕೆಮ್ಮು, ಪ್ರಶ್ನೆ, ಉತ್ತರ, ಮತ್ತೆ ಹೆಜ್ಜೆ, ಗೇಟು. ಧರಣೇಂದ್ರಯ್ಯ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು, ಈಗ ಬಣ್ಣ ಬದಲಾಗುತ್ತದೆ, ಈಗ ಎಂದು. ಬದಲಾಯಿತು. ಆದರೆ ಅವರು ಎಣಿಸಿದ ಹಾಗಲ್ಲ. ಸುನಂದಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

"ರೀ, ಇದ್ಯಾರ ಮನೆ ಟೇಪು?"

"ತಲೆ ಕೆಟ್ಟಿದೆಯೇನೇ? ನಮ್ಮನೇದೇ."

"ನಮ್ಮನೇಲಿ ಎಂಟು ಗಂಟೆಗೆ ತಟ್ಟೆ ಹಾಕ್ದೋರು ಯಾರು?"

ಧರಣೇಂದ್ರಯ್ಯ ಅಡುಗೆಮನೆ ಮೂಲೆಯ ಸ್ಪೀಕರಿನ ಕಡೆ ತಿರುಗಿದರು.

"ಸೂರ್ಯ ಮುಳುಗಿದ ಮೇಲೆ ಅತ್ತೆ ಒಂದು ಗುಟುಕು ನೀರು ಮುಟ್ಟಿದೋರಲ್ಲ. ಜ್ವರದಲ್ಲೂ ಮುಟ್ಟಿಲ್ಲ. ಆರು ಗಂಟೆಗೆ ಒಲೆ ಸಾರಿಸಿ, ಪಾತ್ರೆ ಬೋರಲು ಹಾಕಿ, ಅಡುಗೆಮನೆ ಬಾಗ್ಲು ಮುಂದೆ ಮಾಡಬೇಕಿತ್ತು ನಾನು. ಎಂಟು ಗಂಟೆಗೆ ಈ ಮನೇಲಿ ತಟ್ಟೆ ಸದ್ದಾಗಿದ್ರೆ ಅತ್ತೆ ಆ ಮಂಚದಿಂದ ಎದ್ದೇ ಬರ್ತಿದ್ರು. ಅರವತ್ತೆಂಟು ವರ್ಷದಿಂದ ನೀವೂ ಕತ್ಲಾದ ಮೇಲೆ ತಿಂದೋರಲ್ಲ. ಇಷ್ಟು ಸಲ ಕೇಳಿದೀರಲ್ಲ, ಹೊಳೀಲಿಲ್ವಾ?"

ಹೊಳೆದಿರಲಿಲ್ಲ. 'ಆಹಾ' ಎಂದಿದ್ದರು. ಯಾರದೋ ಮನೆಯ ರಾತ್ರಿಯೂಟದ ಸದ್ದು ಕೇಳಿ ತಮ್ಮ ಮನೆಯೇ ಎದ್ದು ಬಂತೆಂದು ಕಣ್ಣೀರು ಹಾಕಿದ್ದರು. ಮೂವತ್ತೆರಡು ವರ್ಷ ಹರಿದ ಸ್ಪೀಕರು ಹುಡುಕಿದ ಕಿವಿಗೆ ಇದಕ್ಕಿಂತ ಬೇರೆ ಮಂಗಳಾರತಿ ಬೇಕೇ?

"ಆ ತಟ್ಟೆ ಸುಳ್ಳಾದ್ರೆ ಆ ಕೆಮ್ಮೂ ಸುಳ್ಳೇ" ಎಂದರು ಸುನಂದಮ್ಮ. ಆಮೇಲೆ ದನಿ ತಗ್ಗಿಸಿ, "ಇಷ್ಟಕ್ಕೇ ಬಿಟ್ಬಿಡಿ. ಅದನ್ನ ಮತ್ತೆ ಕೆದಕಬೇಡಿ" ಎಂದರು.

ಅಷ್ಟು ಹೇಳದಿದ್ದರೆ ಬಿಟ್ಟುಬಿಡುತ್ತಿದ್ದರೋ ಏನೋ. ಕೆದಕಬೇಡಿ ಎಂದ ಮೇಲೆ ಅನುಮಾನ ಸುಮ್ಮನಿರುತ್ತದೆಯೇ? ಒಂದು ಗಂಟೆಯೊಳಗೆ ಧರಣೇಂದ್ರಯ್ಯ ಕ್ಯಾಸೆಟ್ಟನ್ನೂ ಪೆಟ್ಟಿಗೆಯನ್ನೂ ಚೀಲಕ್ಕೆ ಹಾಕಿಕೊಂಡು ಪ್ರಯೋಗಾಲಯದಲ್ಲಿದ್ದರು.

ನಫೀಸಾ ತಟ್ಟೆಯ ವಿಷಯ ಕೇಳಿ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು.

"ಅವತ್ತೇ ಹೇಳೋಕೆ ಬಂದೆ ಅಂಕಲ್, ನೀವು ಕೇಳಿಸಿಕೊಳ್ಳಲಿಲ್ಲ. ಒಂಬತ್ತರವರೆಗೆ ಪೆಟ್ಟಿಗೆ ಟೇಪಲ್ಲಿ ಇರೋದನ್ನೇ ಬಿಡಿಸತ್ತೆ. ಅದಕ್ಕಿಂತ ಮೇಲೆ ಒಂದೊಂದು ಸ್ಪೀಕರಿಗೂ ಕೊಡೋಕೆ ಸದ್ದು ಸಾಲಲ್ಲ. ಸ್ಕೂಲಲ್ಲಿ ಬಿಟ್ಟ ಸ್ಥಳ ತುಂಬಿರಿ ಅಂತಿತ್ತಲ್ಲ, ಹಾಗೆ ತುಂಬತ್ತೆ. ಗಡಿಯಾರ ಎಂಟು ಹೊಡೀತು, ಅಡುಗೆಮನೆ ಕಡೆಯಿಂದ ಏನೋ ಗುಸುಗುಸು ಇದೆ, ಸರಿ, ಈ ಹೊತ್ತಲ್ಲಿ ಮನೆಗಳಲ್ಲಿ ಊಟ ತಾನೆ, ತಟ್ಟೆ ಇಡು. ಹಾಗೆ."

"ಕೆಮ್ಮು?"

ಅವಳು ಪರದೆಯ ಮೇಲೆ ಎರಡು ಬಣ್ಣದ ಗೆರೆ ಬರಿಸಿದಳು. "ಹಸಿರು ಟೇಪಲ್ಲಿದ್ದದ್ದು. ಹಳದಿ ಪೆಟ್ಟಿಗೆ ತುಂಬಿದ್ದು. ನೋಡಿ, ಕೆಮ್ಮು ಹಳದಿ. ಮೊದಲು ಅಳತೆ ತಗೊಳ್ಳೋವಾಗ ನಿಮ್ಮ ಬಾಗಿಲಲ್ಲಿ ಯಾರೋ ಕೆಮ್ಮಿದಾರೆ. ಇದು ಈ ಮನೆಯ ಸದ್ದು ಅಂತ ಇಟ್ಕೊಂಡಿದೆ. ವಾಪಸ್ ಹೋಗೋ ಹೆಜ್ಜೆ, ಗೇಟು, ನಿಟ್ಟುಸಿರು, ಎಲ್ಲಾ ಹಳದಿ. ನೀವು ಅದೇ ಜಾಗವನ್ನ ಇನ್ನೂರ ಹದಿನಾಲ್ಕು ಸಲ ತಿರುಗಿಸಿ ಕೇಳಿದೀರಿ. ಇವರಿಗೆ ಇದೇ ಬೇಕು ಅಂತ ಪೆಟ್ಟಿಗೆ ಜಾಸ್ತಿ ಜಾಸ್ತಿ ಕೊಡ್ತಾ ಹೋಗಿದೆ."

ಧರಣೇಂದ್ರಯ್ಯ ಕುರ್ಚಿಗೆ ಒರಗಿ ಉಸಿರು ಬಿಟ್ಟರು. ನಾಚಿಕೆಯಾಯಿತು, ಆದರೆ ಎದೆಯ ಮೇಲಿನ ಕಲ್ಲೂ ಇಳಿಯಿತು. ಬೆಳಿಗ್ಗೆಯೇ ತಮ್ಮನಿಗೆ ಫೋನು ಮಾಡಿದ್ದರೆ ಏನಾಗುತ್ತಿತ್ತು!

"ಆದ್ರೆ ಇದೊಂದು ಹಸಿರು ಇದೆ ಅಂಕಲ್" ಎಂದಳು ನಫೀಸಾ. "ಬಾಗಿಲಿಗೆ ಬಂದ ಹೆಜ್ಜೆ. ಅದು ನಿಜ. ಟೇಪಲ್ಲೇ ಇದೆ."

"ಯಾರೋ ಬಂದಿದ್ರು ಅಂತಾಯ್ತು."

"ಹೂಂ. ಮೆಟ್ಟಿಲು ಹತ್ತಿ ಒಳಗೆ ಬಂದು, ಅಡುಗೆಮನೆ ಕಡೆ ಹೋಗಿದಾರೆ. ಅಲ್ಲಿಂದಲೇ ಆ ಗುಸುಗುಸು. ತಟ್ಟೆ ಸದ್ದು ಅದರ ಮೇಲೇ ಕೂತ್ಬಿಟ್ಟಿದೆ. ತೆಗೀಲಾ?"

ಬೇಡ ಎನ್ನಬಹುದಿತ್ತು. ಬೇಡ ಎಂದೇ ಹೆಂಡತಿ ಹೇಳಿದ್ದಳು. ಧರಣೇಂದ್ರಯ್ಯ ತೆಗಿ ಎಂಬಂತೆ ತಲೆಯಾಡಿಸಿದರು.

ಅವಳು ಹಳದಿಯನ್ನೆಲ್ಲ ಅಳಿಸಿ, ಫ್ಯಾನಿನ ಗರಗರವನ್ನು ಕೆಳಗಿಳಿಸಿದಳು. ಸ್ಪಂಜಿನ ಕೋಣೆಯಲ್ಲಿ ಗಡಿಯಾರ ಎಂಟು ಹೊಡೆಯಿತು. ಚಪ್ಪಲಿಯ ಹೆಜ್ಜೆ ಮೆಟ್ಟಿಲು ಹತ್ತಿತು, ಚಪ್ಪಲಿ ಬಿಟ್ಟಿತು, ಬರಿಗಾಲಲ್ಲಿ ಒಳಗೆ ಬಂತು. ಆಮೇಲೆ ಒಂದು ಹೆಣ್ಣು ದನಿ, ಇಪ್ಪತ್ತರ ಹರೆಯದ್ದು, ಪಿಸುಮಾತಿನಲ್ಲಿ.

"ಕಾಲ್ ಸಿಕ್ತಾ?"

"ಶ್! ಮೆತ್ತಗೆ. ಅಲ್ಲಿ ಮಾರುದ್ದ ಕ್ಯೂ ಇತ್ತು. ಬೆಳಗ್ಗೆ ಮಾಡ್ತೀನಿ."

"ಅತ್ತೆ ಕೇಳ್ತಾನೇ ಇದಾರೆ ಕಣ್ರೀ. ಇನ್ನೊಂದ್ಸಲ ಹೋಗ್ಬನ್ನಿ."

"ಬೆಳಗ್ಗೆ ಮಾಡಿದ್ರಾಗತ್ತೆ ಬಿಡು, ಅಷ್ಟರಲ್ಲೇನು ಮುಳುಗಿ ಹೋಗಲ್ಲ. ಸುಮ್ನೆ ತಿಳಿಸಿದೀನಿ ಅಂತೀನಿ. ನೀನು ಬಾಯಿ ಬಿಡ್ಬೇಡ."

ಅಷ್ಟರಲ್ಲಿ ಮಂಚದ ಕಡೆಯಿಂದ, "ಜಯನಿಗೆ ತಿಳಿಸಿದ್ಯೇನಪ್ಪಾ?"

"ತಿಳಿಸಿದೀನಮ್ಮ, ಬರ್ತಾನೆ."

ಟೇಪು ಮುಗಿಯಿತು. ನಫೀಸಾ ಪರದೆಯ ಕಡೆ ನೋಡುತ್ತಾ ಕೂತಳು, ಅವರ ಕಡೆ ತಿರುಗಲಿಲ್ಲ. ಅದು ಆ ಹುಡುಗಿಯ ದೊಡ್ಡತನ. ಆ ಕೋಣೆಯಲ್ಲಿ ಧರಣೇಂದ್ರಯ್ಯನವರಿಗೆ ತಮ್ಮ ರಕ್ತ ಓಡುವುದು ಕೇಳಿಸುತ್ತಿತ್ತು. ಟೇಪು ಹಾಕುವ ಮೊದಲೇ ಹೋಗಿ ಬಂದೆನೆಂದು ನೆನಪಿತ್ತು, ಹೋಗಿದ್ದು ಟೇಪು ಓಡಲು ಬಿಟ್ಟು. ಕಾಲ್ ಮಾಡಿದೆನೆಂದೂ ನೆನಪಿತ್ತು. ಎಕ್ಸ್‌ಚೇಂಜಿನಲ್ಲಿ ಯಾರೋ 'ತಿಳಿಸ್ತೀವಿ' ಎಂದರೆಂಬುದೂ ನೆನಪಿತ್ತು, ಆ ದನಿ ಕೂಡ ಇವತ್ತಿಗೂ ಕಿವಿಯಲ್ಲಿತ್ತು. ಬಿಟ್ಟ ಸ್ಥಳವನ್ನು ತಾವೇ ತುಂಬಿಕೊಂಡು, ನಲವತ್ತು ವರ್ಷ ತಿರುಗಿಸಿ ತಿರುಗಿಸಿ ಕೇಳಿ, ಪೂರ್ತಿ ತಿಳಿಯಾಗಿಸಿಕೊಂಡಿದ್ದರು.

ಮನೆಗೆ ಬಂದಾಗ ಬಿಸಿಲಿನ್ನೂ ಇತ್ತು. ಸುನಂದಮ್ಮ ಸಂಜೆಯೂಟಕ್ಕೆ ತಟ್ಟೆ ಹಾಕಿ ಕೂತಿದ್ದರು. ಗಂಡನ ಮುಖ ನೋಡಿಯೇ ಅವರಿಗೆ ತಿಳಿಯಿತು.

"ನೀನ್ಯಾಕೆ ಇಷ್ಟು ವರ್ಷ ಹೇಳಲಿಲ್ಲ?"

"ಮೊದಲು ಹೆದರಿಕೆಗೆ ಹೇಳಲಿಲ್ಲ. ಹನ್ನೊಂದನೇ ದಿನ ನೀವು ಎಲ್ಲರ ಮುಂದೆ ಆ ಮಾತಾಡಿದಾಗ ನೆಲ ಬಾಯಿ ಬಿಡಬಾರದೇ ಅನ್ನಿಸ್ತು. ಆಮೇಲಾಮೇಲೆ ನೋಡಿದ್ರೆ ನೀವು ಅದನ್ನ ನಿಜವಾಗ್ಲೂ ನಂಬಿಬಿಟ್ಟಿದ್ರಿ. ನಂಬಿದೋರ ಹತ್ರ ಸುಳ್ಳು ಹೇಳಿದ್ರಿ ಅಂತ ಹೇಗೆ ಹೇಳ್ಲಿ?" ಸುನಂದಮ್ಮ ಹಾಕಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಅದಕ್ಕೇ ಮೈದುನನ್ನ ಇಲ್ಲಿಗೆ ಕರ್ಕೊಳ್ಳೋಣ ಅಂದಿದ್ದು. ಋಣ ಅಲ್ಲ ಅದು, ಪಾಪ. ಅದ್ರಲ್ಲಿ ಅರ್ಧ ನಂದು."

ಧರಣೇಂದ್ರಯ್ಯ ಊಟಕ್ಕೆ ಕೂರಲಿಲ್ಲ. ಫೋನು ಕೈಗೆ ತೆಗೆದುಕೊಂಡು ನಡುಮನೆಯಲ್ಲಿ, ಹದಿಮೂರು ಸ್ಪೀಕರುಗಳ ನಡುವೆ ನಿಂತರು. ನಲವತ್ತು ವರ್ಷದ ಹಿಂದೆ ಮಾಡಬೇಕಿದ್ದ ಕಾಲ್. ಈಗ ಕ್ಯೂ ಇರಲಿಲ್ಲ. ಎರಡೇ ರಿಂಗಿಗೆ ಸಿಕ್ಕಿತು.

"ಏನಣ್ಣ ಈ ಹೊತ್ತಲ್ಲಿ? ಭಾನುವಾರ ಬರೋದು ಬೇಡ್ವಾ?" ಎಂದ ಜಯಕೀರ್ತಿ. ಅಣ್ಣನ ಫೋನು ಬಂದರೆ ಅವನಿಗೆ ಮೊದಲು ಹೊಳೆಯುವುದು ಅದೇ.

"ಜಯಾ, ನನ್ನಿಂದ ತಪ್ಪಾಗಿದೆ ಕಣೋ. ಕ್ಷಮಿಸು."

"ಇದೇನಣ್ಣ, ಕ್ಷಮಾವಣಿಗೆ ಇನ್ನೂ ಐದು ತಿಂಗಳಿದೆ."

"ಅಮ್ಮ ಹೋದ ಹಿಂದಿನ ದಿನ ನಾನು ಕಾಲ್ ಮಾಡಿರ್ಲಿಲ್ಲ. ಯಾರಿಗೂ ತಿಳಿಸಿರ್ಲಿಲ್ಲ. ಎಲ್ಲರ ಮುಂದೆ ಸುಳ್ಳು ಹೇಳ್ದೆ."

ಆ ಕಡೆ ಎರಡು ಸಲ ಗಂಟಲು ಸರಿಮಾಡಿಕೊಂಡ ಸದ್ದು.

"ಗೊತ್ತಣ್ಣ. ಆ ಸಂಜೆ ಎಕ್ಸ್‌ಚೇಂಜಿನ ಬೋರ್ಡಿನ ಮುಂದೆ ನಾನೊಬ್ನೇ ಕೂತಿದ್ದೆ. ರಾತ್ರಿ ಹತ್ತರವರೆಗೆ ಡ್ಯೂಟಿ. ಮೈಸೂರಿಂದ ನನ್ನ ಹೆಸರಿಗೆ ಒಂದು ಕಾಲೂ ಬರ್ಲಿಲ್ಲ. ಬಂದಿದ್ದು ಬೆಳಗ್ಗೆ, ಅಮ್ಮ ಹೋದ ಮೇಲೇ."

ಧರಣೇಂದ್ರಯ್ಯ ಸೋಫಾದ ತೋಳಿನ ಮೇಲೆ ಕೂತರು. "ಗೊತ್ತಿದ್ರೆ ಮತ್ತೆ ಪ್ರತಿ ವರ್ಷ ನೀನ್ಯಾಕೋ ನನ್ನ ಹತ್ರ ಕ್ಷಮೆ ಕೇಳ್ತಿದ್ದೆ?"

"ನಾನು ಕೇಳಿದ್ರೆ ನೀನೂ ತಿರುಗಿ ಕೇಳ್ತೀಯೇನೋ ಅಂತ ಅಣ್ಣ."

ಭಾನುವಾರ ಬೆಳಿಗ್ಗೆ ಧರಣೇಂದ್ರಯ್ಯ ಏಣಿ ಹಾಕಿ ಎಂಟು ಸ್ಪೀಕರು ಇಳಿಸಿದರು. ಹೊಲಿಗೆ ಯಂತ್ರ ಒಳಗೆ ಬಂತು, ಸೋಫಾ ಗೋಡೆಗೆ ಹೋಯಿತು. ಹೊರಗೆ ಆಟೋ ನಿಂತ ಸದ್ದಾಯಿತು. ಮೆಟ್ಟಿಲ ಮೇಲೆ ಯಾರೋ ಒಂದು ಸಲ ಗಂಟಲು ಸರಿಮಾಡಿದರು. ಮೇಜಿನ ಮೇಲಿದ್ದ ಪೆಟ್ಟಿಗೆಯ ಹಸಿರು ದೀಪ ಕೇಳಿಸಿಕೊಂಡಂತೆ ಮಿನುಗಿತು. ಧರಣೇಂದ್ರಯ್ಯ ಅದರ ಪ್ಲಗ್ಗು ಕಿತ್ತೆಸೆದು, ಎರಡನೆಯ ಸಲ ಆಗುವುದರೊಳಗೆ ಹೋಗಿ ಬಾಗಿಲು ತೆರೆದರು.